ಹರಳಯ್ಯನವರ ಪಾದರಕ್ಷೆ ಮತ್ತು ಮಿಲಾನಿನ ಲಾಂಛನ



ವಚನ ಸಾಹಿತ್ಯವನ್ನು ಓದುವವರಿಗೆ ಮತ್ತೆ ಮತ್ತೆ ಎದುರಾಗುವ ಪದಗಳಲ್ಲಿ 'ಲಾಂಛನ'ವೂ ಒಂದು. ಗುರುತು, ಕುರುಹು, ಚಿಹ್ನೆ ಎಂಬುದು ಅದರ ವಾಚ್ಯಾರ್ಥ. ವಿಭೂತಿ, ರುದ್ರಾಕ್ಷಿ, ಕಾವಿ ಮುಂತಾದ ಹೊರಗಿನ ಕುರುಹುಗಳನ್ನು ಶರಣರು ಈ ಪದದಿಂದ ಕರೆದರು. ಲಾಂಛನವನ್ನು ಕಂಡೊಡನೆ ಕೈಮುಗಿಯುವ ವಿನಯ ಅವರಲ್ಲಿತ್ತು. ಆ ಲಾಂಛನದ ಹಿಂದೆ ಆಚಾರ ಕಾಣದಿದ್ದಾಗ ಅದನ್ನು ಬರಿಯ ವೇಷವೆಂದು ಜರೆಯುವ ನಿಷ್ಠುರತೆಯೂ ಇತ್ತು. ಅಂಬಿಗರ ಚೌಡಯ್ಯನವರಂತೂ ವೇಷಧಾರಿಗಳನ್ನು ಸುಮ್ಮನೆ ಬಿಟ್ಟವರೇ ಅಲ್ಲ. ಲಾಂಛನವು ಧರಿಸಿದವನ ಮೇಲೆ ಒಂದು ಹೊಣೆಯನ್ನು ಹೊರಿಸುತ್ತದೆ, ಆ ಹೊಣೆಯನ್ನು ಹೊರದವನಿಗೆ ಲಾಂಛನವೇ ಸಾಕ್ಷಿಯಾಗಿ ನಿಂತು ಅವನ ಸುಳ್ಳನ್ನು ಬಯಲಿಗೆಳೆಯುತ್ತದೆ ಎಂಬುದು ಶರಣರ ನಿಲುವು.

ಇಂದಿನ ಪೇಟೆಯಲ್ಲಿ ಇದೇ ಪದ ಬೇರೊಂದು ಮೈ ತಾಳಿದೆ. ಕಂಪನಿಗಳ ಲೋಗೋವನ್ನು ನಮ್ಮ ಪತ್ರಿಕೆಗಳು ಲಾಂಛನವೆಂದೇ ಬರೆಯುತ್ತವೆ. ಅಂಗಿಯ ಎದೆಯ ಮೇಲೆ, ಕೈಚೀಲದ ಬಕ್ಕಲಿನ ಮೇಲೆ, ಬೂಟಿನ ಪಕ್ಕೆಯಲ್ಲಿ, ಕೈಗಡಿಯಾರದ ಮುಖದಲ್ಲಿ ಈ ಹೊಸ ಲಾಂಛನ ಕುಳಿತಿದೆ. ಇದು ಧರಿಸಿದವನಿಂದ ಯಾವ ಆಚಾರವನ್ನೂ ಬೇಡುವುದಿಲ್ಲ. ಅಂಗಡಿಯಲ್ಲಿ ಹಣ ತೆತ್ತರೆ ಸಾಕು. ದುಡಿದು ಕೊಂಡವನ ಎದೆಯ ಮೇಲೂ, ಲಂಚ ತಿಂದು ಕೊಂಡವನ ಎದೆಯ ಮೇಲೂ, ಕಂತಿನ ಸಾಲ ಮಾಡಿ ಕೊಂಡವನ ಎದೆಯ ಮೇಲೂ ಅದು ಒಂದೇ ರೀತಿಯಾಗಿ ಹೊಳೆಯುತ್ತದೆ. ಆ ಹೊಳಪನ್ನು ಕಂಡು ಸಮಾಜ ಕುರ್ಚಿ ಕೊಟ್ಟು ಕೂರಿಸುತ್ತದೆ. ಈ ಮರ್ಯಾದೆ ಸುಳ್ಳು ಮರ್ಯಾದೆ; ಇದರ ಬೆಲೆಯನ್ನು ಕೊನೆಗೆ ತೆರುವವು ದುಡಿಯುವ ಕೈಗಳು. ಈ ಮಾತನ್ನು ಸದ್ಭಕ್ತರ ಮುಂದೆ ಕಟುವಾಗಿಯೇ ಇಡಬೇಕಾದ ಕಾಲ ಬಂದಿದೆ.

ಮೊದಲಿಗೆ ಎಲ್ಲರೂ ಬಲ್ಲ ಒಂದು ಪ್ರಸಂಗವನ್ನು ನೋಡೋಣ. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಐಷಾರಾಮಿ ಉಡುಪಿನ ಕಂಪನಿ ತನ್ನ ಹೊಸ ಉಡುಗೆಗಳ ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ನಡೆದುಬಂದ ಯುವಕರ ಕಾಲಿನಲ್ಲಿ ಉಂಗುಟದ ಚರ್ಮದ ಚಪ್ಪಲಿಗಳಿದ್ದವು. ನಮ್ಮ ಕಡೆಯ ರೈತನೊಬ್ಬ ನೋಡಿದ್ದರೆ 'ಇದು ನಮ್ಮ ಅಥಣಿಯ ಚಪ್ಪಲಿ' ಎಂದು ಅರೆಗಳಿಗೆಯಲ್ಲಿ ಹೇಳುತ್ತಿದ್ದ. ಕಂಪನಿ ಮಾತ್ರ ಅದನ್ನು ಚರ್ಮದ ಪಾದರಕ್ಷೆಯೆಂದು ಕರೆದು ಸುಮ್ಮನಾಗಿತ್ತು. ಅದು ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರಕಿದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಆ ಮಾನ್ಯತೆಯಲ್ಲಿ ಸಮಾನ ಪಾಲುದಾರರು. ಜನರು ಪ್ರತಿಭಟಿಸಿದ ಮೇಲೆ ಕಂಪನಿ ಭಾರತದ ಕರಕುಶಲ ಪರಂಪರೆಯಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಹಾಗೂ ಕರ್ನಾಟಕದ ಲಿಡ್ಕರ್ ಸಂಸ್ಥೆಗಳೊಡನೆ ಒಡಂಬಡಿಕೆಯಾಗಿ, 2 ಸಾವಿರ ಜೊತೆ ಚಪ್ಪಲಿಗಳನ್ನು ಇಲ್ಲಿಯ ಕುಶಲಿಗಳಿಂದಲೇ ಮಾಡಿಸಲಾಗುವುದೆಂದು ಪ್ರಕಟವಾಯಿತು. ಜೊತೆಯೊಂದಕ್ಕೆ ಆಗ ಹೇಳಲಾದ ಬೆಲೆ ಸುಮಾರು 800 ಯೂರೋ; ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿಗೂ ಹೆಚ್ಚು.

ಒಡಂಬಡಿಕೆಯಾದುದು ಒಳ್ಳೆಯದೇ. ಕೆಲವು ಕುಟುಂಬಗಳಿಗಾದರೂ ಅದರಿಂದ ಕೆಲಸ ದೊರೆತರೆ ಸಂತೋಷ. ನಮ್ಮ ಪ್ರಶ್ನೆ ಬೇರೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ತೊಗಲು, ಗಂಡಸರು ಕತ್ತರಿಸಿ ತಟ್ಟಿದ ಅಟ್ಟೆ, ಹೆಂಗಸರು ಕೂತು ಹೆಣೆದ ಪಟ್ಟಿ, ಒಂದೂ ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ: ಇಷ್ಟೂ ಸೇರಿದ ಆ ಚಪ್ಪಲಿ ನಮ್ಮ ಸಂತೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಆ ಸಾವಿರಕ್ಕೂ ಚೌಕಾಸಿ ಮಾಡಿ, ನೂರು ರೂಪಾಯಿ ಇಳಿಸಿ, ಗೆದ್ದೆವೆಂದು ಮನೆಗೆ ಬರುತ್ತೇವೆ. ಅದೇ ಕುಶಲತೆಯ ಮೇಲೆ ವಿದೇಶದ ಹೆಸರೊಂದು ಬಿದ್ದ ಕೂಡಲೇ ಅದರ ಬೆಲೆ ಎಂಬತ್ತು ಪಟ್ಟು ಏರುತ್ತದೆ. ಕೊಳ್ಳಬಲ್ಲವನು ಬೆಲೆಯ ಚೀಟಿಯನ್ನು ನೋಡದೆಯೇ ಕೊಳ್ಳುವನು. ಬೆಲೆ ಏರಿದಾಗ ಅಟ್ಟೆ ಗಟ್ಟಿಯಾಗಿದೆಯೆ? ಪಾದಕ್ಕೆ ಹೆಚ್ಚು ಸುಖ ಸಿಕ್ಕಿದೆಯೆ? ನಡುವೆ ಏರಿದ ಮೊತ್ತವೆಲ್ಲ ಯಾವುದರ ಬೆಲೆ? ನೋಡುವವರ ಕಣ್ಣಿನ ಬೆಲೆ. 'ಇವನು ಇಷ್ಟು ಕೊಡಬಲ್ಲವನು' ಎಂದು ನಾಲ್ವರು ಅಂದುಕೊಳ್ಳಲಿ ಎಂಬುದಕ್ಕಾಗಿ ತೆತ್ತ ಕಪ್ಪ ಅದು. 1899ರಷ್ಟು ಹಿಂದೆಯೇ ಥಾರ್‌ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಸಿರಿವಂತರ ಈ ತೋರಿಕೆಯ ವೆಚ್ಚವನ್ನು ವಿವೇಚಿಸಿದ್ದನು. ಗೌರವವನ್ನು ಗಳಿಸುವುದಕ್ಕೆ ವ್ಯರ್ಥವೇ ಸಾಧನವಾಗುವುದನ್ನು ಅವನು ತೋರಿಸಿಕೊಟ್ಟನು.

ಈಗ ನಮ್ಮ ಪರಂಪರೆಯ ಕಡೆಗೆ ತಿರುಗೋಣ. ಈ ಚಪ್ಪಲಿಯ ಕಸುಬನ್ನು 12ನೆಯ ಶತಮಾನದ ಬಿಜ್ಜಳ ಮತ್ತು ಬಸವಣ್ಣನವರ ಕಾಲಕ್ಕೆ ಕೊಂಡೊಯ್ಯುವ ಪ್ರತೀತಿಯಿದೆ. ಆ ಕಾಲದ ಒಂದು ಜೊತೆ ಪಾದರಕ್ಷೆಯ ಕಥೆಯನ್ನು ಕನ್ನಡನಾಡು ಮರೆತಿಲ್ಲ. ಸಮಗಾರ ಹರಳಯ್ಯನವರು ಕಲ್ಯಾಣದ ಬೀದಿಯಲ್ಲಿ ಬಸವಣ್ಣನವರಿಗೆ ಶರಣೆಂದರು. ಬಸವಣ್ಣನವರು ಶರಣು ಶರಣಾರ್ಥಿ ಎಂದು ಇಮ್ಮಡಿಯಾಗಿ ಮರಳಿ ವಂದಿಸಿದರು. ತಾನು ಕೊಟ್ಟುದಕ್ಕಿಂತ ಹೆಚ್ಚಿನದು ತನಗೆ ಬಂದಿತು, ಈ ಋಣವನ್ನು ತೀರಿಸುವ ಬಗೆ ಹೇಗೆ ಎಂದು ಆ ಕಾಯಕಜೀವಿ ಕಳವಳಗೊಂಡರು. ಹರಳಯ್ಯನವರೂ ಅವರ ಧರ್ಮಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದೊಪ್ಪಿಸಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟದೆ ಶಿರದ ಮೇಲೆ ಹೊತ್ತರೆಂದೂ ಪರಂಪರೆ ಹೇಳುತ್ತದೆ. ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ, ಅದಕ್ಕಾಗಿ ಆ ಇಬ್ಬರು ತಂದೆಯರು ತೆತ್ತ ಪ್ರಾಣ, ಕಲ್ಯಾಣದ ಕ್ರಾಂತಿ ಇವೆಲ್ಲವನ್ನೂ ಭಕ್ತರು ಬಲ್ಲರು.

ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ಹೇಳಿ ಮುಗಿಸಿಬಿಡುವ ರೂಢಿಯಿದೆ. ಅದರೊಳಗೆ ಒಂದು ಅರ್ಥಶಾಸ್ತ್ರವೂ ಅಡಗಿರುವುದನ್ನು ಗಮನಿಸಬೇಕು. ಆ ಪಾದರಕ್ಷೆಗೆ ಬೆಲೆ ಕಟ್ಟಲು ಬಾರದು, ಏಕೆಂದರೆ ಮಾಡಿದವರಾರು ಎಂಬುದನ್ನು ಪಡೆದವರು ಬಲ್ಲರು. ಮಾಡಿದ ಮೈಯ ನೋವು ವಸ್ತುವಿನಲ್ಲಿ ಎದ್ದು ಕಾಣುತ್ತಿತ್ತು. ಮಂತ್ರಿಯೊಬ್ಬ ಸಮಗಾರನ ಕೆಲಸವನ್ನು ತಲೆಯ ಮೇಲೆ ಹೊತ್ತಾಗ ಮೇಲು-ಕೀಳಿನ ಕ್ರಮವೇ ತಲೆಕೆಳಗಾಯಿತು, ಮಾಡಿದವನು ಮೇಲೇರಿದನು. ಐಷಾರಾಮಿ ಪೇಟೆಯಲ್ಲಿ ನಡೆಯುವುದು ಇದರ ವಿಪರ್ಯಾಸ. ಅಲ್ಲಿ ಮಾಡಿದವನ ಹೆಸರು ಅಳಿಯುತ್ತದೆ, ಮಾರಿದವನ ಹೆಸರು ಮೆರೆಯುತ್ತದೆ, ಮೆಟ್ಟಿದವನು ಮೇಲೇರುತ್ತಾನೆ.

ಇನ್ನೊಂದು ಸೂಕ್ಷ್ಮವೂ ಇದೆ. ಶರಣರು ತಮ್ಮ ವಚನಗಳ ಕೊನೆಗೆ ಅಂಕಿತವನ್ನು ಇಟ್ಟರು. ನುಡಿ ತಮ್ಮದು, ಅನುಭವ ತಮ್ಮದು, ಅಂಕಿತ ಮಾತ್ರ ಬಹುಮಟ್ಟಿಗೆ ತಮ್ಮ ಇಷ್ಟದೈವದ್ದು. ತನ್ನ ದುಡಿಮೆಯ ಮೇಲೆ ಮತ್ತೊಬ್ಬನ ಹೆಸರನ್ನಿಟ್ಟು 'ನಾನು' ಎಂಬುದನ್ನು ಕರಗಿಸುವುದು ಶರಣರ ಅಂಕಿತ. ಮತ್ತೊಬ್ಬರ ದುಡಿಮೆಯ ಮೇಲೆ ತನ್ನ ಹೆಸರನ್ನೊತ್ತಿ 'ನಾನು' ಎಂಬುದನ್ನು ಹಿಗ್ಗಿಸುವುದು ಕಂಪನಿಯ ಅಂಕಿತ. ಎರಡೂ ಮುದ್ರೆಗಳೇ. ಒಂದು ಮುಕ್ತಿಯ ಕಡೆಗೆ ನಡೆಸುತ್ತದೆ, ಇನ್ನೊಂದು ಲಾಭದ ಕಡೆಗೆ.

ಅಳಿಸಿಹೋದ ಆ ಕೈಗಳ ಪಾಡೇನು? 2024ರ ಜೂನ್‌ನಲ್ಲಿ ಮಿಲಾನಿನ ನ್ಯಾಯಾಲಯವು ಡಿಯೋರ್ ಎಂಬ ಜಗದ್ವಿಖ್ಯಾತ ಹೆಸರಿನ ಕೈಚೀಲಗಳನ್ನು ಮಾಡಿಸುವ ಇಟಲಿಯ ಅಂಗಸಂಸ್ಥೆಯನ್ನು ನ್ಯಾಯಾಲಯದ ಆಡಳಿತಕ್ಕೊಪ್ಪಿಸಿತು. ಉಪಗುತ್ತಿಗೆಯ ಕಾರ್ಯಾಗಾರಗಳಲ್ಲಿ ವಲಸೆ ಕಾರ್ಮಿಕರು ದುಡಿಯುವ ಜಾಗದಲ್ಲೇ ಮಲಗುತ್ತಿದ್ದುದು ತನಿಖೆಯಲ್ಲಿ ಕಂಡುಬಂದಿತ್ತು; ಯಂತ್ರಗಳ ಸುರಕ್ಷಾ ಸಾಧನಗಳನ್ನೂ ಕಳಚಿಡಲಾಗಿತ್ತು. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಚೀಲವೊಂದನ್ನು ಸಿದ್ಧಪಡಿಸಲು, ಚರ್ಮ ಮುಂತಾದ ಸಾಮಗ್ರಿಯ ವೆಚ್ಚವನ್ನು ಬಿಟ್ಟು, ಕಾರ್ಯಾಗಾರಕ್ಕೆ ಸಂದದ್ದು 53 ಯೂರೋ ಎಂದು ನ್ಯಾಯಾಲಯದ ದಾಖಲೆಗಳು ಹೇಳಿದವು. ಸಂಸ್ಥೆ ಸುಧಾರಣೆಗಳನ್ನು ಕೈಗೊಂಡ ಮೇಲೆ 2025ರಲ್ಲಿ ಆ ಆಡಳಿತವನ್ನು ಅವಧಿಗೆ ಮೊದಲೇ ತೆರವುಗೊಳಿಸಲಾಯಿತು. ಆದರೆ ಆ ಎರಡು ಅಂಕಿಗಳ ನಡುವಿನ ಅಂತರವನ್ನು ತೆರವುಗೊಳಿಸಿದವರು ಯಾರು?

ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಮತ್ತೊಂದಿದೆ. ಬರ್ಬರಿ ಎಂಬ ಇಂಗ್ಲೆಂಡಿನ ಕಂಪನಿ ಮಾರಾಟವಾಗದೆ ಉಳಿದ ಉಡುಪು, ಸುಗಂಧದ್ರವ್ಯ ಮುಂತಾದ ಸರಕನ್ನು ನಾಶಪಡಿಸುತ್ತಿದ್ದುದು 2018ರಲ್ಲಿ ಜಗಜ್ಜಾಹೀರಾಯಿತು. ಒಂದೇ ವರ್ಷದಲ್ಲಿ ಹಾಗೆ ನಾಶವಾದ ಸರಕಿನ ಮೌಲ್ಯ 2.86 ಕೋಟಿ ಪೌಂಡ್. ಕಡಿಮೆ ಬೆಲೆಗೆ ಮಾರಿದರೆ ಎಲ್ಲರ ಮೈಮೇಲೂ ಕಂಡೀತು. ಎಲ್ಲರ ಮೈಮೇಲೆ ಕಂಡರೆ ಹೆಸರಿನ ಬಿಗುವು ಕೆಟ್ಟೀತು ಎಂಬ ಭಯವೇ ಇಂಥ ನಾಶದ ಹಿಂದಿನ ತರ್ಕ. ಟೀಕೆಗಳ ತರುವಾಯ ಆ ಕಂಪನಿ ಅದೇ ವರ್ಷ ಈ ಪದ್ಧತಿಯನ್ನು ಕೈಬಿಟ್ಟಿತು. ಫ್ರಾನ್ಸ್ ದೇಶವು ಮಾರಾಟವಾಗದ ಬಟ್ಟೆಬರೆಯನ್ನು ನಾಶಪಡಿಸುವುದನ್ನು ಕಾನೂನಿನಿಂದಲೇ ತಡೆಯಿತು. ದಾಸೋಹದ ನೆರಳಿನಲ್ಲಿ ಬೆಳೆದ ನಮಗೆ ಇದು ಅರ್ಥವಾಗುವುದೇ ಕಷ್ಟ. ಉಳಿದ ಅನ್ನವನ್ನು ಹಸಿದವನಿಗೆ ಬಡಿಸುವುದು ನಮ್ಮ ಮಠಗಳ ರೀತಿ. ಉಳಿದ ಬಟ್ಟೆಯನ್ನು ಬೆತ್ತಲೆಯವನಿಗೆ ದೊರಕದಂತೆ ಹಾಳುಗೆಡಹುವುದು ಆ ಪೇಟೆಯ ರೀತಿಯಾಗಿತ್ತು. ಐಷಾರಾಮದ ಗುಟ್ಟು ಇಲ್ಲಿ ಬಯಲಾಗುತ್ತದೆ: ನನ್ನ ಬಳಿ ಇರುವುದಷ್ಟೇ ಸಾಲದು, ನಿನ್ನ ಬಳಿ ಇರಬಾರದು. ಇನ್ನೊಬ್ಬರ ಇಲ್ಲದಿಕೆಯೇ ಆ ಸುಖದ ತಳಹದಿ.

'ಗುಣಮಟ್ಟಕ್ಕೆ ಹಣ ಕೊಡುತ್ತೇವೆ, ತಪ್ಪೇನು?' ಎನ್ನುವವರಿದ್ದಾರೆ. ಗುಣಮಟ್ಟಕ್ಕೆ ಹಣ ಕೊಡುವುದು ನ್ಯಾಯವೇ ಸರಿ. ಹತ್ತು ವರ್ಷ ಬಾಳುವ ಚಪ್ಪಲಿಗೆ ಒಂದು ವರ್ಷ ಬಾಳುವ ಚಪ್ಪಲಿಗಿಂತ ಹೆಚ್ಚು ಕೊಡಲೇಬೇಕು. ಆದರೆ ಪೇಟೆಯಲ್ಲಿ ನಡೆಯುವುದನ್ನು ಕಣ್ತೆರೆದು ನೋಡಿ. ಮಂಗಳೂರಿನ ಬೀದಿಯಲ್ಲಿ ನಾನೂರು ರೂಪಾಯಿಗೆ ಸಿಗುವ ನಕಲಿ ಲಾಂಛನದ ಅಂಗಿಯನ್ನು ತೊಟ್ಟು ಮದುವೆಗೆ ಹೋದವನಿಗೂ ಅಸಲಿಯನ್ನು ತೊಟ್ಟವನಿಗೂ, ಗುಟ್ಟು ರಟ್ಟಾಗುವವರೆಗೆ, ಒಂದೇ ಮರ್ಯಾದೆ ಸಲ್ಲುತ್ತದೆ. ಅಂದಮೇಲೆ ಆ ಮರ್ಯಾದೆ ನೂಲಿಗೂ ಅಲ್ಲ, ನೇಯ್ಗೆಗೂ ಅಲ್ಲ, ಹೊಲಿಗೆಗೂ ಅಲ್ಲ, ಮೂರು ಅಂಗುಲದ ಗುರುತಿಗೆ ಸಂದದ್ದು. ನಕಲಿಯಿಂದ ಮೋಸಹೋಗುವ ಗೌರವ ಮೊದಲೇ ನಕಲಿಯಾಗಿತ್ತು.

ಮಿಲಾನು, ಪ್ಯಾರಿಸುಗಳ ವಿಚಾರ ಹಳ್ಳಿಯ ಭಕ್ತರಿಗೆ ಏಕೆ ಎಂದು ಕೇಳಬಹುದು. ಉತ್ತರಕ್ಕಾಗಿ ದಕ್ಷಿಣ ಕನ್ನಡದ ಗುರುವಾಯನಕೆರೆಯವರೆಗೆ ಹೋಗಿಬರೋಣ. ಮಂಗಳೂರಿನ ಕಡೆಯಿಂದ ಬಂಟ್ವಾಳ ದಾಟಿ ಬೆಳ್ತಂಗಡಿಗೂ ಧರ್ಮಸ್ಥಳಕ್ಕೂ ಹೋಗುವ ಯಾತ್ರಿಕರಿಗೆ ಈ ಊರು ಪರಿಚಿತ. ದೊಡ್ಡ ಕೆರೆಯೊಂದು, ಹಳೆಯ ಬಸದಿ, ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ಕವಲೊಡೆಯುವ ರಸ್ತೆ. ಉದ್ಯೋಗ ವ್ಯಾಪಾರಗಳ ನಿಮಿತ್ತ ಘಟ್ಟದ ಮೇಲಿನಿಂದ ಇಳಿದುಬಂದು ಈ ಸೀಮೆಯಲ್ಲಿ ನೆಲಸಿದ ಭಕ್ತರೂ ಇದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಸೀಮೆಯಲ್ಲಿ ಹಲವು ದಶಕಗಳಿಂದ ಸಾವಿರಾರು ಮನೆಗಳ ಒಲೆ ಉರಿದದ್ದು ಬೀಡಿಯಿಂದ. ತಾಯಂದಿರು ಜಗಲಿಯಲ್ಲಿ ಕುಳಿತು, ಮಡಿಲ ಮೇಲೆ ಮೊರವಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರದ ಲೆಕ್ಕದಲ್ಲಿ ಬೀಡಿಯ ಬ್ರಾಂಚಿಗೆ ಒಪ್ಪಿಸಿ ಕೂಲಿ ಪಡೆದರು. ಮಕ್ಕಳ ಶಾಲೆಯ ಶುಲ್ಕ, ಹೆಣ್ಣುಮಕ್ಕಳ ಮದುವೆ, ಮನೆಯ ಮಾಡಿನ ಹಂಚು ಆ ಕೂಲಿಯಿಂದಲೇ ಬಂದವು. ಬೀಡಿಯ ಕಟ್ಟಿನ ಮೇಲಿನ ಹೆಸರು ಮಾತ್ರ ಕಂಪನಿಯದು. ಸುತ್ತಿದ ಬೆರಳಿನ ಗುರುತು ಅದರ ಮೇಲೆ ಎಲ್ಲಿಯೂ ಇಲ್ಲ. ಹೆಸರು ಒಬ್ಬರದು, ಕೈ ಇನ್ನೊಬ್ಬರದು ಎಂಬ ಮಿಲಾನಿನ ಪಾಠವನ್ನು ಈ ಜಗಲಿಗಳು ಬಹಳ ಹಿಂದೆಯೇ ಕಲಿತಿದ್ದವು.

ಈಗ ಅದೇ ಮನೆಗಳ ಮಕ್ಕಳು ಊರಿನ ಸುತ್ತಮುತ್ತಲಿನ ಕಾಲೇಜುಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೋಗುತ್ತಾರೆ. ಅಲ್ಲಿ ದೂರದೂರಿನ ಸಿರಿವಂತರ ಮಕ್ಕಳೂ ಇರುತ್ತಾರೆ. ಸಮವಸ್ತ್ರವೇನೋ ಎಲ್ಲರಿಗೂ ಒಂದೇ. ಭೇದವೆಲ್ಲ ಬೂಟು, ಬೆನ್ನಚೀಲ, ಕೈಗಡಿಯಾರಗಳಿಗೆ ಇಳಿದಿದೆ. ಗಲ್ಫಿನಿಂದಲೋ ಮುಂಬಯಿಯಿಂದಲೋ ಬಂದ ನೆಂಟರು ತಂದ ಸುಗಂಧದ ಬಾಟಲಿಯೂ ತಂಪು ಕನ್ನಡಕವೂ ಮನೆಮನೆಯ ಅಳತೆಗೋಲಾಗಿವೆ. ಹದಿನಾರರ ಹುಡುಗನಿಗೆ ತನ್ನ ಕಾಲಿನ ಬೂಟು ಕೀಳೆಂದು ತೋರುತ್ತದೆ. ತಾಯಿಯ ಹಲವು ವಾರದ ಬೀಡಿ ಕೂಲಿ ಒಂದು ಜೊತೆ ಬೂಟಿಗೆ ಸಂದುಹೋಗುತ್ತದೆ. ಹುಡುಗನನ್ನು ದೂಷಿಸುವುದು ಸುಲಭ. ಬೂಟು ನೋಡಿ ಮಾತನಾಡಿಸುವ ಸಮಾಜವನ್ನು ಕಟ್ಟಿದವರು ಹಿರಿಯರಾದ ನಾವೇ ತಾನೆ? ಮದುವೆಯ ಸಭಾಂಗಣದಲ್ಲಿ ಯಾರನ್ನು ಮುಂದಿನ ಸಾಲಿಗೆ ಕರೆಯುತ್ತೇವೆ, ಯಾರನ್ನು ಕಂಡೂ ಕಾಣದಂತೆ ಇರುತ್ತೇವೆ ಎಂಬುದನ್ನು ಆ ಹುಡುಗ ಚಿಕ್ಕಂದಿನಿಂದ ನೋಡಿಯೇ ಕಲಿತಿದ್ದಾನೆ.

ಇದೇ ಸೀಮೆಯಲ್ಲಿ ಇದಕ್ಕೆ ಉತ್ತರವೂ ಶಿಲೆಯಾಗಿ ನಿಂತಿದೆ. ಗುರುವಾಯನಕೆರೆಯಿಂದ ಮೂಡುಬಿದಿರೆಯ ದಾರಿ ಹಿಡಿದರೆ ವೇಣೂರಿನಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ಅಜಿಲ ಅರಸು ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ ಇದ್ದಾನೆ. ಕಾರ್ಕಳದಲ್ಲಿ 1432ರ 42 ಅಡಿಯ ಮೂರ್ತಿಯಿದೆ. ಧರ್ಮಸ್ಥಳದಲ್ಲಿ ನಮ್ಮ ಕಾಲದ್ದೇ ಆದ ಮೂರ್ತಿಯೂ ಇದೆ. ಜೈನ ಬಂಧುಗಳ ಈ ಆರಾಧ್ಯಮೂರ್ತಿಗಳ ಮುಂದೆ ನಿಂತು ಒಂದು ಕ್ಷಣ ಯೋಚಿಸಬೇಕು. ಈ ನಾಡಿನ ಅತಿ ಎತ್ತರದ ಮನುಷ್ಯನ ಮೈಮೇಲೆ ನೂಲಿನ ಎಳೆಯಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟುಕೊಟ್ಟವನನ್ನು, ರಾಜ್ಯವಾಳುತ್ತಿದ್ದ ಅರಸರು, ತಮ್ಮ ಅರಮನೆಗಿಂತ ಎತ್ತರದಲ್ಲಿ ನಿಲ್ಲಿಸಿದರು. ನಮ್ಮ ಅಕ್ಕಮಹಾದೇವಿಯಾದರೂ ಅರಮನೆಯ ಪಟ್ಟೆ ಪೀತಾಂಬರಗಳನ್ನು ತೊರೆದು ಕೇಶಾಂಬರೆಯಾಗಿ ಕಲ್ಯಾಣಕ್ಕೆ ನಡೆದುಬಂದವಳು. ಅನುಭವ ಮಂಟಪ ಅವಳನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿತು. ಬಳಿಕ ಅಕ್ಕನೆಂದು ಗೌರವಿಸಿತು. ಮನುಷ್ಯನ ಎತ್ತರವನ್ನು ಉಡುಗೆಯಿಂದ ಅಳೆಯಲಾಗದೆಂಬ ಮಾತು ಈ ನೆಲಕ್ಕೆ ಹೊಸದೇನಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. 'ತಲೆತಲಾಂತರದಿಂದ ಉಟ್ಟುಂಡವರು ಸರಳತೆಯ ಉಪದೇಶ ಮಾಡುವುದು ಸುಲಭ. ಒಳ್ಳೆಯ ಬಟ್ಟೆಯನ್ನೇ ನಿರಾಕರಿಸಲಾಗಿದ್ದವರಿಗೆ ಒಳ್ಳೆಯ ಬಟ್ಟೆಯೇ ಸ್ವಾಭಿಮಾನ' ಎಂಬ ಮಾತದು. ಅದು ನಿಜ. ಚಪ್ಪಲಿ ಮಾಡುವವನು ಮೇಲ್ಜಾತಿಯ ಕೇರಿಯಲ್ಲಿ ತನ್ನ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ದೇಶವಿದು. ಡಾ. ಅಂಬೇಡ್ಕರರ ಸೂಟು-ಬೂಟು ಶತಮಾನಗಳ ಅವಮಾನಕ್ಕೆ ಕೊಟ್ಟ ಉತ್ತರವಾಗಿತ್ತು. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಮಿಷನ್ ಆರಂಭಿಸಿದ ಕುದ್ಮುಲ್ ರಂಗರಾಯರ ಆಶಯವೊಂದು ಆ ಜಿಲ್ಲೆಯಲ್ಲಿ ಪ್ರಸಿದ್ಧವಾಗಿದೆ: ದಲಿತರ ಮಗುವೊಂದು ಓದಿ, ಹುದ್ದೆಗೇರಿ, ಊರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರೆಬ್ಬಿಸಿದ ಧೂಳು ತಮ್ಮ ತಲೆಗೆ ಸೋಕಬೇಕು ಎಂಬುದು. ಆದ್ದರಿಂದ ಬಡವನೊಬ್ಬ ಹೊಸ ಅಂಗಿ ತೊಟ್ಟು ತಲೆಯೆತ್ತಿ ನಡೆದರೆ ಅವನ ಆಸೆಯನ್ನು ಗೇಲಿ ಮಾಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ವಿರೋಧ ಅವನನ್ನು ಕುರಿತದ್ದಲ್ಲ. ಆದರೆ ನೆನಪಿಡಬೇಕು: ಅಂಬೇಡ್ಕರರ ಸೂಟಿಗೆ ಗೌರವ ತಂದುಕೊಟ್ಟದ್ದು ಅದನ್ನು ಹೊಲಿದ ಅಂಗಡಿಯ ಹೆಸರಲ್ಲ, ತೊಟ್ಟವರ ವಿದ್ಯೆ ಮತ್ತು ಹೋರಾಟ. ಕುದ್ಮುಲರು ಬಯಸಿದ ಕಾರಿನೊಳಗೆ ಶಿಕ್ಷಣವಿತ್ತು. ಸ್ವಾಭಿಮಾನದ ಉಡುಗೆ 'ನಾನು ನಿನಗೆ ಸಮ' ಎನ್ನುತ್ತದೆ. ಐಷಾರಾಮದ ಲಾಂಛನ 'ನೀನು ನನಗೆ ಸಮನಲ್ಲ' ಎನ್ನುತ್ತದೆ. ಹಿಂದೆ ಜಾತಿಯ ಕಟ್ಟಳೆ ಬಾಯಿಬಿಟ್ಟು ಹೇಳುತ್ತಿದ್ದುದನ್ನೇ ಈಗ ಬೆಲೆಯ ಚೀಟಿ ಮೌನವಾಗಿ ಹೇಳುತ್ತಿದೆ.

ಪರರನ್ನು ತಿದ್ದುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಇಷ್ಟಲಿಂಗವು ಅರಸನಿಗೂ ಸಮಗಾರನಿಗೂ ಒಂದೇ. ಅದಕ್ಕೆ ಹೆಚ್ಚು ಬೆಲೆಯದು, ಕಡಿಮೆ ಬೆಲೆಯದು ಎಂಬ ಭೇದವಿಲ್ಲ. ಎದೆಗೆ ಹತ್ತಿರವಿರಬೇಕಾದ, ಮೆರೆಸಬಾರದ ಕುರುಹು ಅದು. ಅಂಥ ಲಿಂಗವನ್ನಿಡುವ ಕರಡಿಗೆಯಲ್ಲಿಯೇ ನಾವು ಅಂತಸ್ತನ್ನು ಹುಡುಕಲಾರಂಭಿಸಿದೆವು. ಬೆಳ್ಳಿಯ ಕರಡಿಗೆ ಎಷ್ಟು ತೊಲದ್ದು, ಬಂಗಾರದ್ದೋ ಅಲ್ಲವೋ ಎಂಬುದು ಬೀಗರ ನಡುವಿನ ಮಾತುಕತೆಯಾಗುವುದಾದರೆ, ಸಮತೆಯ ಲಾಂಛನವನ್ನೇ ನಾವು ಬ್ರ್ಯಾಂಡ್ ಮಾಡಿದಂತಾಯಿತು. ಮಠದ ಉತ್ಸವಗಳಲ್ಲಿ ವೇದಿಕೆಯ ಕುರ್ಚಿಯನ್ನು ಕಾರಿನ ಉದ್ದ ನೋಡಿ ಹಂಚಿದರೆ ಅದೂ ಇದೇ ದೋಷ. ಈ ಮಾತನ್ನು ಹೇಳದೆ ಮಿಲಾನಿನವರನ್ನು ಬೈದರೆ ಕೇಳಿದವರು ನಕ್ಕಾರು.

ಹಾಗೆಂದು ಶರಣರು ಬಟ್ಟೆಯ ವೈರಿಗಳಾಗಿದ್ದರೆ? ಎಂದಿಗೂ ಇಲ್ಲ. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಮಡಿ ಮಾಡುವ ಮಡಿವಾಳ ಮಾಚಿದೇವ, ಚಪ್ಪಲಿ ಮಾಡುವ ಹರಳಯ್ಯ: ನೂಲಿನಿಂದ ಹಿಡಿದು ಪಾದರಕ್ಷೆಯವರೆಗೆ ಉಡುಗೆಯ ಕಾಯಕವೆಲ್ಲವೂ ಶರಣ ಪರಂಪರೆಯಲ್ಲಿ ಸಾಲಾಗಿ ನಿಂತಿದೆ. ಇವರ ಹೆಸರಿಗೆ ಕಾಯಕವೇ ಬಿರುದು. ಬಟ್ಟೆಯನ್ನು ಉಡುವವರಿಗಿಂತ ಬಟ್ಟೆಯನ್ನು ಮಾಡುವವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ ಸಭೆ ಜಗತ್ತಿನಲ್ಲಿ ಇನ್ನೆಷ್ಟಿವೆ?

ಆ ಸಾಲನ್ನು ಇಂದಿಗೂ ಮುಂದುವರಿಸಬಹುದು. ಕರಾವಳಿಯಲ್ಲೇ ಉದಾಹರಣೆಯುಂಟು. ಮೂಡುಬಿದಿರೆಗೆ ಹೆಚ್ಚು ದೂರವಲ್ಲದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘದಲ್ಲಿ ಬೆರಳೆಣಿಕೆಗೆ ಇಳಿದುಹೋಗಿದ್ದ ಮಗ್ಗಗಳು, ಕಾರ್ಕಳದ ಕದಿಕೆ ಟ್ರಸ್ಟಿನ ಒತ್ತಾಸೆಯಿಂದ ಮತ್ತೆ ಸದ್ದು ಮಾಡಿದವು. ಅಲ್ಲಿಯ ಉಡುಪಿ ಸೀರೆಗೆ ನೇಯ್ದವರ ಹೆಸರು, ಭಾವಚಿತ್ರಗಳಿರುವ ಚೀಟಿಯನ್ನು ಕಟ್ಟುವ ಪದ್ಧತಿ ತಂದರು. ಉಟ್ಟವಳು ನೇಯ್ದವರ ಮುಖವನ್ನು ಬಲ್ಲಳು. ಲಾಂಛನವೆಂದರೆ ಇದು: ಕೈಯನ್ನು ಮರೆಮಾಚದೆ ತೋರಿಸುವ ಗುರುತು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹಗಳನ್ನೂ ಇಲ್ಲಿ ನೆನೆಯಬೇಕು. ವರನಿಗೆ ಧೋತಿ ಶಾಲು, ವಧುವಿಗೆ ಸೀರೆ ಮಾಂಗಲ್ಯಗಳನ್ನು ಕ್ಷೇತ್ರವೇ ಕೊಟ್ಟು, ವರದಕ್ಷಿಣೆಯಿಲ್ಲದೆ ನಡೆದ ಆ ಮದುವೆಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜೋಡಿಗಳು ಗೃಹಸ್ಥರಾದರು. ಅಗ್ಗದ ಸೀರೆಯುಟ್ಟು ಧಾರೆಯೆರೆಸಿಕೊಂಡ ಕಾರಣಕ್ಕೆ ಅವರ ದಾಂಪತ್ಯಕ್ಕೆ ಬೆಲೆ ಕಡಿಮೆಯಾಯಿತೆಂದು ಯಾರಾದರೂ ಹೇಳಬಲ್ಲರೆ?

ಕೊನೆಗೆ ಆಯ್ದಕ್ಕಿ ಲಕ್ಕಮ್ಮನವರ ಬಳಿಗೆ ಬರೋಣ. ಗಂಡ ಮಾರಯ್ಯನವರು ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಅತಿಯಾಸೆ ನಮಗೇಕೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬನ್ನಿ ಎಂದು ಕಳುಹಿಸಿದ ತಾಯಿ ಅವರು. ಬಡತನದ ನಡುವೆ ನಿಂತು 'ಸಾಕು' ಎಂದ ಆ ಧ್ವನಿಯಲ್ಲಿ ದೈನ್ಯದ ಲೇಶವೂ ಇಲ್ಲ, ಅರಸಿಯ ಗತ್ತು ಇದೆ. ಐಷಾರಾಮದ ಪೇಟೆ ಹೆದರುವ ಪದವೊಂದಿದ್ದರೆ ಅದು ಈ 'ಸಾಕು'.

ಆದ್ದರಿಂದ ಸದ್ಭಕ್ತರಲ್ಲಿ ಮೂರು ಬಿನ್ನಹಗಳು. ಮೊದಲನೆಯದು, ಏನನ್ನೇ ಕೊಳ್ಳುವಾಗ 'ಯಾರ ಹೆಸರು' ಎಂದು ಕೇಳುವ ಬದಲು 'ಯಾರ ಕೈ' ಎಂದು ಕೇಳಿರಿ. ಸಂತೆಯಲ್ಲಿ ಚಪ್ಪಲಿ ಮಾರುವ ಸಮಗಾರನೊಡನೆ, ಕೈಮಗ್ಗದ ನೇಕಾರನೊಡನೆ ಚೌಕಾಸಿ ಮಾಡುವುದನ್ನು ಇಂದೇ ನಿಲ್ಲಿಸಿರಿ. ಎರಡನೆಯದು, ಉಡುಗೆಗಾಗಿ, ಆಡಂಬರಕ್ಕಾಗಿ ಕಂತಿನ ಸಾಲ ಮಾಡಬೇಡಿರಿ. ಮಕ್ಕಳು ಹಟ ಹಿಡಿದಾಗ ಬೆಲೆ ಹೆಚ್ಚೆಂದು ಹೇಳಿ ಸುಮ್ಮನಾಗದೆ, ಅದೇಕೆ ಹೆಚ್ಚೆಂಬುದನ್ನು ಕೂರಿಸಿಕೊಂಡು ವಿವರಿಸಿರಿ. ಮೂರನೆಯದು, ನಿಮ್ಮ ಮನೆಯ ಮದುವೆಯಲ್ಲಿ, ಮಠದ ಪಂಕ್ತಿಯಲ್ಲಿ, ಊರ ಸಭೆಯಲ್ಲಿ ಉಡುಗೆ ನೋಡಿ ಆಸನ ಕೊಡುವುದನ್ನು ಬಿಡಿರಿ. ನೋಡುವ ಕಣ್ಣು ಬದಲಾದ ದಿನ ಆ ಲಾಂಛನದ ಹೊಳಪು ತಾನಾಗಿ ಮಾಸುತ್ತದೆ, ಏಕೆಂದರೆ ಅದು ಹೊಳೆಯುತ್ತಿದ್ದುದು ನಮ್ಮ ಕಣ್ಣಿನ ಬೆಳಕಿನಿಂದಲೇ.